ಮೂರು ಸಾವಿರದೊಳಗೆ ಮುಂಭಾಗ ಎತ್ತುವ ಹೆಲ್ಮೆಟ್: ಆರಿಸುವುದು ಹೇಗೆ, ಎಲ್ಲಿ ಎಚ್ಚರವಿರಬೇಕು

ಬೆಳಗಾವಿ, ಬಾಗಲಕೋಟೆ, ವಿಜಯಪುರ ಕಡೆಯ ಓದುಗರು ಸುತ್ತಿ ಬಳಸಿ ಒಂದೇ ಮಾತು ಕೇಳುತ್ತಾರೆ. "ಮುಂದಿನ ಭಾಗ ಮೇಲಕ್ಕೆತ್ತುವ ಹೆಲ್ಮೆಟ್ ತಗೋಬೇಕು, ಎರಡು-ಮೂರು ಸಾವಿರದಲ್ಲಿ ಒಳ್ಳೆಯದು ಸಿಗುತ್ತಾ?" ಸಿಗುತ್ತೆ. ಆದರೆ ಬಣ್ಣ, ಸ್ಟಿಕ್ಕರ್ ನೋಡಿ ಆರಿಸಿದರೆ ಸಿಗಲ್ಲ. ಈ ಜಾತಿಯ ಹೆಲ್ಮೆಟ್‌ನಲ್ಲಿ ಮೊದಲು ನೋಡಬೇಕಾದದ್ದು ಗದ್ದದ ಭಾಗ ಎಷ್ಟು ಗಟ್ಟಿಯಾಗಿ ಲಾಕ್ ಆಗುತ್ತದೆ ಅನ್ನುವುದನ್ನು. ಅಂಗಡಿಯಲ್ಲಿ ಅದನ್ನು ಪರೀಕ್ಷಿಸಿ ನೋಡುವವರು ತೀರಾ ಕಡಿಮೆ.

ಇದಕ್ಕೆ ಮಾಡ್ಯುಲರ್ ಹೆಲ್ಮೆಟ್ ಅಂತ ಹೆಸರು. ಅಂಗಡಿಯಲ್ಲಿ ಫ್ಲಿಪ್ ಅಪ್ ಅಂದರೆ ಬೇಗ ತಿಳಿಯುತ್ತದೆ. ಮುಚ್ಚಿದಾಗ ಫುಲ್ ಫೇಸ್ ಥರ ಇಡೀ ಮುಖ ಮುಚ್ಚುತ್ತದೆ. ಗದ್ದದ ಹತ್ತಿರದ ಗುಂಡಿ ಒತ್ತಿದರೆ ಗದ್ದದ ಪಟ್ಟಿ, ಅಂದರೆ ಚಿನ್ ಬಾರ್, ಗ್ಲಾಸಿನ ಜೊತೆಗೇ ಮೇಲೆ ಹೋಗುತ್ತದೆ. ಚಹಾ ಕುಡಿಯಬಹುದು, ಪೆಟ್ರೋಲ್ ಬಂಕಿನಲ್ಲಿ ಮಾತಾಡಬಹುದು, ಎಲೆಅಡಿಕೆ ಹಾಕುವವರಿಗೂ ಅನುಕೂಲ. (ಈ ಕಾರಣಕ್ಕೇ ಕೊಳ್ಳುವವರು ನಮ್ಮ ಕಡೆ ಕಡಿಮೆ ಏನಿಲ್ಲ!)

ಅಂಗಡಿಗೆ ಹೊರಡುವಾಗ ಇಷ್ಟು ಜೊತೆಗಿರಲಿ: ಬಟ್ಟೆ ಅಳೆಯುವ ಟೇಪು, ನೀವು ದಿನಾ ಹಾಕುವ ಕನ್ನಡಕ, ಚಾರ್ಜ್ ಇರುವ ಫೋನು, ಅರ್ಧ ಗಂಟೆ ಸಮಯ. ಸಂತೆ ದಿನದ ಸಂಜೆ ಹೋಗಬೇಡಿ. ಗದ್ದಲದಲ್ಲಿ ನಿಮ್ಮನ್ನು ನಿಧಾನಕ್ಕೆ ನೋಡಲು ಯಾರೂ ಬಿಡುವುದಿಲ್ಲ.

1. ನಿಜವಾಗಿ ನಿಮಗೆ ಇದು ಬೇಕಾ?

ಕನ್ನಡಕ ಹಾಕುವವರಿಗೆ ಬೇಕು ಅಂತ ಕಣ್ಣು ಮುಚ್ಚಿ ಹೇಳುತ್ತೇನೆ. ಮುಂಭಾಗ ಎತ್ತಿಕೊಂಡರೆ ಕನ್ನಡಕ ತೆಗೆಯದೇ ಹೆಲ್ಮೆಟ್ ಹಾಕಬಹುದು, ತೆಗೆಯಬಹುದು. ಫುಲ್ ಫೇಸ್‌ನಲ್ಲಿ ಪ್ರತಿ ಸಲ ಕನ್ನಡಕ ಕೈಯಲ್ಲಿ ಹಿಡಿದು ಒದ್ದಾಡಬೇಕು. ದಿನಕ್ಕೆ ಹತ್ತು ಕಡೆ ನಿಲ್ಲಿಸುವ ಸೇಲ್ಸ್ ಕೆಲಸದವರು, ಡೆಲಿವರಿ ಹುಡುಗರು, ಹಳ್ಳಿ ಹಳ್ಳಿ ಸುತ್ತುವ ಆರೋಗ್ಯ ಕಾರ್ಯಕರ್ತರಿಗೂ ಇದು ಹೊಂದುತ್ತದೆ.

ಆದರೆ ನಿಮ್ಮ ಬಜೆಟ್ 1500 ರೂಪಾಯಿಗಿಂತ ಕಡಿಮೆ ಇದ್ದರೆ ನನ್ನ ಸಲಹೆ ಬೇರೆ. ಆ ದುಡ್ಡಿಗೆ ಒಳ್ಳೆಯ ಫುಲ್ ಫೇಸ್ ತಗೊಳ್ಳಿ. ಕಾರಣ ಸರಳ. ಫ್ಲಿಪ್ ಅಪ್‌ನಲ್ಲಿ ಕೀಲು, ಲಾಕು, ಗುಂಡಿ ಅಂತ ಹೆಚ್ಚಿನ ಸಾಮಾನು ಇರುತ್ತವೆ. ಬೆಲೆ ಇಳಿಸಬೇಕಾದಾಗ ಕಂಪನಿಯವರು ಆ ಸಾಮಾನಿನಲ್ಲೇ ಕೈ ಬಿಗಿ ಹಿಡಿಯುತ್ತಾರೆ. ಫುಲ್ ಫೇಸ್‌ನ ಗದ್ದದ ಭಾಗ ಹೊರಗಿನ ಗಟ್ಟಿ ಚಿಪ್ಪಿನ ಜೊತೆ ಒಂದೇ ತುಂಡು, ಅಲ್ಲಿ ಬಿಚ್ಚಿಕೊಳ್ಳುವುದಕ್ಕೆ ಏನೂ ಇಲ್ಲ.

ತೂಕವನ್ನೂ ಲೆಕ್ಕ ಹಾಕಿ. ಅದೇ ಬೆಲೆಯ ಫುಲ್ ಫೇಸ್‌ಗಿಂತ ಫ್ಲಿಪ್ ಅಪ್ ಸಾಮಾನ್ಯವಾಗಿ ಭಾರ. ಒಂದೂವರೆ ಕಿಲೋ ಮುಟ್ಟುವುದು ಮಾಮೂಲು. ಬೆಳಗಾವಿಯಿಂದ ಬಾಗಲಕೋಟೆಗೆ ಒಂದೇ ಉಸಿರಿಗೆ ಹೋಗುವವರಿಗೆ ಲೋಕಾಪುರ ಬರುವ ಹೊತ್ತಿಗೆ ಕುತ್ತಿಗೆ ಅದನ್ನು ನೆನಪಿಸುತ್ತದೆ.

2. ತಲೆ ಅಳತೆ ತಗೊಳ್ಳಿ

ಹುಬ್ಬಿನ ಮೇಲೆ ಒಂದು ಬೆರಳು ಬಿಟ್ಟು, ಕಿವಿಯ ಮೇಲಿನಿಂದ, ಹಿಂದೆ ತಲೆ ಎಲ್ಲಿ ಜಾಸ್ತಿ ಉಬ್ಬಿದೆಯೋ ಅಲ್ಲಿಗೆ ಟೇಪು ಸುತ್ತಿ. ಎರಡು ಮೂರು ಸಲ ಅಳೆದು ದೊಡ್ಡ ಅಳತೆ ಬರೆದುಕೊಳ್ಳಿ. ಟೇಪು ಇಲ್ಲದಿದ್ದರೆ ದಾರ ಸುತ್ತಿ, ಆಮೇಲೆ ಸ್ಕೇಲಿನ ಮೇಲಿಟ್ಟು ನೋಡಿ.

ಅಂಗಡಿಯಲ್ಲಿ "ಮೀಡಿಯಂ ಕೊಡ್ರಿ" ಅನ್ನಬೇಡಿ. ಒಂದು ಕಂಪನಿಯ ಮೀಡಿಯಂ ಇನ್ನೊಂದು ಕಂಪನಿಯಲ್ಲಿ ಲಾರ್ಜ್ ಆಗಿರುತ್ತದೆ. ಸೆಂಟಿಮೀಟರ್‌ನಲ್ಲೇ ಕೇಳಿ. ಹೆಲ್ಮೆಟ್ ಒಳಗೆ ಅಥವಾ ಹಿಂಭಾಗದ ಸ್ಟಿಕ್ಕರ್ ಮೇಲೆ 580 ಮಿಮೀ, 600 ಮಿಮೀ ಅಂತ ಬರೆದಿರುತ್ತದೆ, ಅಂದರೆ 58, 60 ಸೆಂಟಿಮೀಟರ್.

ಉದ್ದ ಕೂದಲಿನವರು ದಿನಾ ಹೇಗೆ ಕಟ್ಟಿಕೊಳ್ಳುತ್ತೀರೋ ಹಾಗೇ ಕಟ್ಟಿಕೊಂಡು ಹೋಗಿ. ತುರುಬು ಎತ್ತರಕ್ಕಿದ್ದರೆ ಯಾವ ಹೆಲ್ಮೆಟ್ಟೂ ಸರಿಯಾಗಿ ಕೂರುವುದಿಲ್ಲ. ಕುತ್ತಿಗೆ ಹತ್ತಿರ ಜಡೆ ಹಾಕಿದ್ದರೆ ತೊಂದರೆ ಇಲ್ಲ.

3. ಐಎಸ್‌ಐ ಗುರುತು ಇದೆಯಾ? ಅದು ಅಸಲಿಯಾ?

2021ರ ಜೂನ್ 1ರಿಂದ ನಮ್ಮ ದೇಶದಲ್ಲಿ ಐಎಸ್‌ಐ ಗುರುತಿಲ್ಲದ ದ್ವಿಚಕ್ರ ವಾಹನದ ಹೆಲ್ಮೆಟ್ ತಯಾರಿಸುವ ಹಾಗಿಲ್ಲ, ಮಾರುವ ಹಾಗಿಲ್ಲ. ಇದಕ್ಕಿರುವ ಮಾನದಂಡದ ಸಂಖ್ಯೆ ಐಎಸ್ 4151. ಅಸಲಿ ಗುರುತಿನಲ್ಲಿ ಮೂರು ಭಾಗ ಇರುತ್ತವೆ: ಮೇಲೆ ಐಎಸ್ 4151, ನಡುವೆ ಐಎಸ್‌ಐ ಚಿತ್ರ, ಕೆಳಗೆ ಸಿಎಂ/ಎಲ್ ಅಂತ ಶುರುವಾಗುವ ಲೈಸೆನ್ಸ್ ನಂಬರು.

ರಸ್ತೆ ಬದಿಯ ರಾಶಿಯಲ್ಲೂ ಐಎಸ್‌ಐ ಸ್ಟಿಕ್ಕರ್ ಇರುತ್ತದಲ್ಲ ಅನ್ನುತ್ತೀರಿ. ಇರುತ್ತದೆ, ಸ್ಟಿಕ್ಕರ್ ಅಚ್ಚು ಹಾಕುವುದೇನು ಮಹಾ? ಅದಕ್ಕೇ ನಂಬರನ್ನು ಪರೀಕ್ಷಿಸಬೇಕು. ಫೋನಿನಲ್ಲಿ 'ಬಿಐಎಸ್ ಕೇರ್' ಆಪ್ ಹಾಕಿಕೊಳ್ಳಿ, ಸರ್ಕಾರದ್ದೇ, ಪುಕ್ಕಟೆ. ಅದರಲ್ಲಿ ಲೈಸೆನ್ಸ್ ಪರಿಶೀಲಿಸುವ ಜಾಗದಲ್ಲಿ ಸಿಎಂ/ಎಲ್ ನಂಬರು ಹಾಕಿದರೆ ತಯಾರಕರ ಹೆಸರು, ವಿಳಾಸ, ಲೈಸೆನ್ಸ್ ಈಗ ಚಾಲ್ತಿಯಲ್ಲಿದೆಯೋ ಇಲ್ಲವೋ ಎಲ್ಲ ಬರುತ್ತದೆ. ಪೆಟ್ಟಿಗೆಯ ಮೇಲೆ ಒಂದು ಹೆಸರು, ಆಪ್‌ನಲ್ಲಿ ಇನ್ನೊಂದು ಹೆಸರು ಬಂದರೆ ಅಲ್ಲೇ ಇಟ್ಟು ಬನ್ನಿ. ನಂಬರೇ ಇಲ್ಲದಿದ್ದರೆ ಆಪ್ ತೆರೆಯುವ ಕೆಲಸವೂ ಇಲ್ಲ.

ಕೆಲವು ಹೆಲ್ಮೆಟ್‌ಗಳ ಮೇಲೆ ಡಾಟ್ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದು ಅಮೆರಿಕದ ಮಾನದಂಡ. ಅಲ್ಲಿ ತಯಾರಕರು ತಾವೇ ಪರೀಕ್ಷೆ ಮಾಡಿಸಿ ತಾವೇ ಗುರುತು ಹಾಕಿಕೊಳ್ಳುವ ಪದ್ಧತಿ. ಅಗ್ಗದ ಹೆಲ್ಮೆಟ್ ಮೇಲೆ ಬರೀ ಡಾಟ್ ಕಂಡರೆ ಅದಕ್ಕೆ ಬೆಲೆ ಕೊಡಬೇಡಿ. ಇಸಿಇ ಅನ್ನುವುದು ಯುರೋಪಿನ ಕಡೆಯದು, ಈಗಿನ ಆವೃತ್ತಿ 22.06. ಸಾಮಾನ್ಯವಾಗಿ ನಮ್ಮ ಬಜೆಟ್ ದಾಟಿದ ಮೇಲೆ ಸಿಗುತ್ತದೆ. ಅಂಥದ್ದು ಕೊಂಡರೂ ಜೊತೆಗೆ ಐಎಸ್‌ಐ ಇರಲೇಬೇಕು.

4. ಲಾಕ್ ಪರೀಕ್ಷೆ

ಇಲ್ಲಿ ಅವಸರ ಮಾಡಬೇಡಿ. ಅಂಗಡಿಯವರು ಮುಖ ನೋಡಿದರೂ ಪರವಾಗಿಲ್ಲ.

ಮುಂಭಾಗವನ್ನು ಪೂರ್ತಿ ಎತ್ತಿ, ಫೋನಿನ ಟಾರ್ಚ್ ಹಾಕಿ, ಗದ್ದದ ಪಟ್ಟಿಯ ಎರಡೂ ತುದಿ ನೋಡಿ. ಒಂದೊಂದು ಕಡೆ ಒಂದೊಂದು ಕೊಂಡಿ ಇರುತ್ತದೆ. ಅದು ಚಿಪ್ಪಿನಲ್ಲಿರುವ ಗೂಟಕ್ಕೆ ಸಿಕ್ಕಿಕೊಳ್ಳುತ್ತದೆ. ಗೂಟ ಮತ್ತು ಕೊಂಡಿ ಲೋಹದ್ದಾಗಿದ್ದರೆ ಒಳ್ಳೆಯದು. ಗೊತ್ತಾಗದಿದ್ದರೆ ಗಾಡಿ ಕೀಲಿಯಿಂದ ಮೆಲ್ಲಗೆ ತಟ್ಟಿ, ಸದ್ದೇ ಹೇಳುತ್ತದೆ. ಎರಡೂ ಪ್ಲಾಸ್ಟಿಕ್ ಆಗಿದ್ದರೆ ನಾನಂತೂ ಕೊಳ್ಳುವುದಿಲ್ಲ. ಹೊಸದರಲ್ಲಿ ಗಟ್ಟಿಯಾಗೇ ಇರುತ್ತದೆ. ದಿನಕ್ಕೆ ಹತ್ತು ಸಲ ತೆಗೆದು ಮುಚ್ಚಿದರೆ ಅಂಚು ಸವೆಯುತ್ತದೆ.

ಈಗ ಮುಚ್ಚಿ. ಎಡಕ್ಕೂ ಬಲಕ್ಕೂ ಒಟ್ಟಿಗೇ 'ಟಕ್' ಅನ್ನಬೇಕು. ಒಂದು ಕಡೆ ಮೊದಲು, ಇನ್ನೊಂದು ಕಡೆ ಒತ್ತಿದ ಮೇಲೆ ಅಂದರೆ ಜೋಡಣೆ ಸರಿಯಿಲ್ಲ. ಅದೇ ಮಾಡೆಲ್‌ನ ಇನ್ನೊಂದು ತುಂಡು ಕೇಳಿ. ಇಪ್ಪತ್ತು ಸಲ ತೆಗೆದು ಮುಚ್ಚಿ. ಒಂದೇ ಒಂದು ಸಲ ಅರ್ಧ ಲಾಕ್ ಆಗಿ ನಿಂತರೂ ಅದು ಬೇಡ. ಅರ್ಧ ಲಾಕ್ ತೀರಾ ಕೆಟ್ಟದ್ದು. ಕನ್ನಡಿಯಲ್ಲಿ ನೋಡಿದರೆ ಮುಚ್ಚಿದ ಹಾಗೇ ಕಾಣುತ್ತದೆ, ಬಿದ್ದಾಗ ತೆರೆದುಕೊಳ್ಳುತ್ತದೆ.

ಆಮೇಲೆ ಗುಂಡಿ ಮುಟ್ಟದೆ, ಗದ್ದದ ಪಟ್ಟಿಯ ಕೆಳಗೆ ಬೆರಳು ಹಾಕಿ ಮೇಲಕ್ಕೆ ಜೋರಾಗಿ ಎಳೆಯಿರಿ. ಎಡಕ್ಕೆ ಬಲಕ್ಕೆ ತಿರುಚಿ. ಕೂದಲೆಳೆಯಷ್ಟು ಅಲುಗಾಡುವುದು ಎಲ್ಲ ಫ್ಲಿಪ್ ಅಪ್‌ನಲ್ಲೂ ಇರುತ್ತದೆ. ಕಟಕಟ ಅಂದರೆ, ಅಥವಾ ಸಂದಿ ಅಗಲವಾದರೆ ಬಿಡಿ. ಗದ್ದದ ಪಟ್ಟಿ ಹಿಡಿದೇ ಇಡೀ ಹೆಲ್ಮೆಟ್ಟನ್ನು ಗಾಳಿಯಲ್ಲಿ ನಾಲ್ಕು ಸಲ ಕುಲುಕಿ ನೋಡಿ.

ಎತ್ತಿದ ಸ್ಥಿತಿಯಲ್ಲೂ ಒಂದು ಪರೀಕ್ಷೆ ಇದೆ. ಹೆಲ್ಮೆಟ್ ಹಾಕಿಕೊಂಡು ಮುಂಭಾಗ ಎತ್ತಿ, ತಲೆಯನ್ನು ಹೂಂ ಅನ್ನುವ ಹಾಗೆ ಜೋರಾಗಿ ಆಡಿಸಿ. ಅದು ತಾನಾಗಿ ಕೆಳಗೆ ಬೀಳಬಾರದು. ಗುಂಡಿ ಒಂದೇ ಕೈಯಲ್ಲಿ, ಅದೂ ಎಡಗೈಯಲ್ಲಿ, ಸಲೀಸಾಗಿ ಒತ್ತಲು ಬರಬೇಕು. ಗ್ಲೌಸ್ ಹಾಕುವವರು ಗ್ಲೌಸ್ ಹಾಕಿಯೇ ಒತ್ತಿ ನೋಡಿ.

ಇನ್ನೊಂದು ವಿಷಯ ಒಳಗಡೆ ಇದೆ. ಹೆಲ್ಮೆಟ್ ಚಿಪ್ಪಿನ ಕೆಳಗೆ ಗಟ್ಟಿ ಥರ್ಮಾಕೋಲ್ ಪದರ ಇರುತ್ತದೆ, ಇಪಿಎಸ್ ಅನ್ನುತ್ತಾರೆ. ತಲೆ ಉಳಿಸುವ ಕೆಲಸ ಮುಖ್ಯವಾಗಿ ಅದರದ್ದೇ. ಪೆಟ್ಟು ಬಿದ್ದಾಗ ಅದು ನುಗ್ಗಾಗಿ ಹೊಡೆತದ ಜೋರನ್ನು ತಾನು ತಗೊಳ್ಳುತ್ತದೆ. ಕೆಲವು ಅಗ್ಗದ ಫ್ಲಿಪ್ ಅಪ್‌ಗಳಲ್ಲಿ ಗದ್ದದ ಪಟ್ಟಿಯೊಳಗೆ ಇಪಿಎಸ್ ಇರುವುದೇ ಇಲ್ಲ, ಬರೀ ಪ್ಲಾಸ್ಟಿಕ್ಕು, ಮೇಲೆ ಒಂದಿಷ್ಟು ಸ್ಪಂಜು. ಪಟ್ಟಿಯ ಒಳಗಡೆ ಹೆಬ್ಬೆರಳಿಂದ ಒತ್ತಿ. ಮೆತ್ತನೆಯ ಬಟ್ಟೆಯ ಹಿಂದೆ ಗಟ್ಟಿ ಥರ್ಮಾಕೋಲ್ ಸಿಗಬೇಕು. ಬೆರಳು ಸೀದಾ ಪ್ಲಾಸ್ಟಿಕ್ಕಿಗೆ ತಾಗಿದರೆ ಇನ್ನೊಂದು ಮಾಡೆಲ್ ನೋಡಿ.

5. ಹಾಕಿ ಹದಿನೈದು ನಿಮಿಷ ಇರಿ

ನಮ್ಮ ಕಡೆ ಅಂಗಡಿಯಲ್ಲಿ ಎರಡು ಮಾತು ತಪ್ಪದೇ ಕೇಳಿಸುತ್ತವೆ. ಬಿಗಿಯಾಗಿದೆ ಅಂದರೆ "ಹಾಕ್ಕೋತ ಹಾಕ್ಕೋತ ಸಡ್ಲ ಆಗ್ತದ್ರೀ ಸರ." ಸಡಿಲ ಅಂದರೆ "ಗಾಳಿ ಆಡ್ಬೇಕ್ರೀ, ನಮ್ ಕಡೆ ಬಿಸಲ ಭಾಳ." ಮೊದಲನೆಯದು ಅರ್ಧ ನಿಜ. ಕೆನ್ನೆಯ ಸ್ಪಂಜು ಕೆಲವು ವಾರದಲ್ಲಿ ಸ್ವಲ್ಪ ಕೂರುತ್ತದೆ. ಥರ್ಮಾಕೋಲ್ ಕೂರುವುದಿಲ್ಲ. ಆದ್ದರಿಂದ ಕೆನ್ನೆ ಸ್ವಲ್ಪ ಒತ್ತಿದರೆ ಸರಿ, ಹಣೆಯಲ್ಲೋ ನೆತ್ತಿಯಲ್ಲೋ ಒಂದೇ ಚುಕ್ಕೆಯಲ್ಲಿ ನೋವಾದರೆ ಆ ಹೆಲ್ಮೆಟ್ಟಿನ ಆಕಾರವೇ ನಿಮ್ಮ ತಲೆಗಲ್ಲ. ದೊಡ್ಡ ಸೈಜಿಗೆ ಹೋದರೂ ಅದು ಸರಿಹೋಗುವುದಿಲ್ಲ, ಕಂಪನಿ ಬದಲಿಸಬೇಕು. ಎರಡನೆಯ ಮಾತನ್ನು ಕಿವಿಗೇ ಹಾಕಿಕೊಳ್ಳಬೇಡಿ.

ಬೆಲ್ಟ್ ಕಟ್ಟಿ, ಮುಂಭಾಗ ಮುಚ್ಚಿ, ಗದ್ದದ ಪಟ್ಟಿ ಹಿಡಿದು ಅತ್ತಿತ್ತ ತಿರುಗಿಸಿ. ಹೆಲ್ಮೆಟ್ ಜೊತೆ ಕೆನ್ನೆಯ ಚರ್ಮವೂ ಎಳೆದ ಹಾಗಾಗಬೇಕು. ಹೆಲ್ಮೆಟ್ ಒಂದೇ ತಿರುಗಿದರೆ ದೊಡ್ಡದಾಯಿತು. ಮತ್ತೆ ಹಿಂದೆ, ಕುತ್ತಿಗೆ ಹತ್ತಿರದ ಅಂಚಿಗೆ ಕೈಕೊಟ್ಟು ಮುಂದಕ್ಕೆ ತಳ್ಳಿ. ಕಣ್ಣಿನ ಮೇಲೆ ಉರುಳಿ ಬಂದರೆ ಸೈಜು ತಪ್ಪಿದೆ. ಬೀಳುವಾಗ ಹೆಲ್ಮೆಟ್ ತಲೆಯಿಂದ ಕಳಚಿ ಹೋಗುವುದು ಹೀಗೇ.

ಗದ್ದಕ್ಕೂ ಪಟ್ಟಿಗೂ ನಡುವೆ ಬೆರಳಷ್ಟಾದರೂ ಜಾಗ ಇರಲಿ. ಮುಚ್ಚುವಾಗ ಗದ್ದಕ್ಕೆ ತಾಗಿದರೆ, ಅಥವಾ ಗಡ್ಡ ಸಿಕ್ಕಿಕೊಂಡರೆ, ದಿನಾ ಅದೇ ಗೋಳು. ಕನ್ನಡಕ ಹಾಕಿಕೊಂಡು ಮುಚ್ಚಿ, ತೆಗೆದು ನೋಡಿ. ಕನ್ನಡಕದ ಕಡ್ಡಿ ಕಿವಿಯ ಮೇಲೆ ಒತ್ತಬಾರದು.

ಇಷ್ಟಾದ ಮೇಲೆ ತೆಗೆಯಬೇಡಿ. ಹಾಗೇ ಹದಿನೈದು ನಿಮಿಷ ಕೂತಿರಿ, ಬೇಕಾದರೆ ಚಹಾ ತರಿಸಿ, ಮುಂಭಾಗ ಎತ್ತಿ ಕುಡಿಯಿರಿ. ತೆಗೆದಾಗ ಹಣೆ ಮೇಲೆ ಕೆಂಪು ಗುರುತು ಎದ್ದು ಕಂಡರೆ ಅದು ಬೇಡ.

6. ಗ್ಲಾಸು: ಬಿಸಿಲು, ಮಳೆ, ಕಬ್ಬಿನ ಟ್ರ್ಯಾಕ್ಟರು

ವೈಸರ್ ಅಂದರೆ ಮುಂದಿನ ಪಾರದರ್ಶಕ ಹಾಳೆ, ನಾವೆಲ್ಲ ಗ್ಲಾಸ್ ಅನ್ನುತ್ತೇವೆ. ಮುಖ್ಯ ಗ್ಲಾಸು ಬಿಳಿಯದೇ ಇರಲಿ, ಇದರಲ್ಲಿ ರಾಜಿ ಬೇಡ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಕಪ್ಪು ಗ್ಲಾಸು ಹಾಯ್ ಅನಿಸುತ್ತದೆ, ನಿಜ. ಆದರೆ ದೀಪಾವಳಿ ಆಚೀಚೆ ಕಬ್ಬಿನ ಹಂಗಾಮು ಶುರುವಾದರೆ ಮುಧೋಳ, ಜಮಖಂಡಿ, ಅಥಣಿ ರಸ್ತೆಗಳಲ್ಲಿ ರಾತ್ರಿ ಹೊತ್ತು ಹಿಂದಿನ ದೀಪವೂ ಇಲ್ಲದ, ಪ್ರತಿಫಲಕವೂ ಇಲ್ಲದ ಕಬ್ಬಿನ ಟ್ರಾಲಿಗಳು ಸಾಲುಗಟ್ಟುತ್ತವೆ. ಬರಿಗಣ್ಣಿಗೇ ಹತ್ತಿರ ಬಂದ ಮೇಲೆ ಕಾಣುವ ಟ್ರಾಲಿ, ಕಪ್ಪು ಅಥವಾ ಮಿಂಚುವ ಗ್ಲಾಸಿನಲ್ಲಿ ಕಾಣುವುದೇ ಇಲ್ಲ.

ಬಿಸಿಲಿಗೆ ಬೇರೆ ದಾರಿ ಇದೆ. ಡಬಲ್ ವೈಸರ್ ಇರುವ ಮಾಡೆಲ್ ತಗೊಳ್ಳಿ. ಹೊರಗೆ ಬಿಳಿ ಗ್ಲಾಸು, ಒಳಗೆ ಸಣ್ಣ ಕಪ್ಪು ಗ್ಲಾಸು. ಪಕ್ಕದ ಕಡ್ಡಿ ಸರಿಸಿದರೆ ಒಳಗಿನದು ಇಳಿಯುತ್ತದೆ, ಕತ್ತಲಾದಾಗ ಮೇಲೆ ಸರಿಸಿದರಾಯಿತು. ಅದು ಮೂಗಿಗೋ ಕನ್ನಡಕಕ್ಕೋ ಉಜ್ಜುತ್ತದೆಯಾ ನೋಡಿ, ಅಗ್ಗದವುಗಳಲ್ಲಿ ಈ ದೂರು ಸಾಮಾನ್ಯ.

ಬೆಳಗಾವಿ, ಖಾನಾಪುರದ ಕಡೆಯವರ ಕಷ್ಟ ಮಂಜು. ಜುಲೈ ಮಳೆಯಲ್ಲಿ ಹೊರಗೆ ತಂಪು, ಒಳಗೆ ಬಿಸಿ ಉಸಿರು, ಗ್ಲಾಸು ಕ್ಷಣದಲ್ಲಿ ಮಸುಕು. ಪಿನ್‌ಲಾಕ್ ಅನ್ನುವುದು ಇದಕ್ಕೆ ಒಳ್ಳೆಯ ಉಪಾಯ. ಗ್ಲಾಸಿನ ಒಳಗೆ ಇನ್ನೊಂದು ತೆಳು ಹಾಳೆ ಕೂರಿಸುತ್ತಾರೆ, ನಡುವಿನ ಗಾಳಿ ತಂಪನ್ನು ಒಳಗೆ ಬಿಡುವುದಿಲ್ಲ. ಆದರೆ ಈ ಬೆಲೆಯಲ್ಲಿ ಅದನ್ನು ನಿರೀಕ್ಷಿಸಬೇಡಿ. ಗ್ಲಾಸು ಒಂದೇ ಒಂದು ಹಲ್ಲಿನಷ್ಟು ತೆರೆದು ನಿಲ್ಲುತ್ತದೆಯಾ, ಗದ್ದದ ಹತ್ತಿರದ ಗಾಳಿಕಿಂಡಿ ನಿಜವಾಗಿ ಒಳಗಿನವರೆಗೆ ತೂತು ಇದೆಯಾ ನೋಡಿ. ಕೆಲವು ಬರೀ ಅಲಂಕಾರದ ಕಿಂಡಿಗಳು! ಆ ಜಾಗಕ್ಕೆ ಬಾಯಿಟ್ಟು ಊದಿದರೆ ಒಳಗಿಟ್ಟ ಕೈಗೆ ಗಾಳಿ ತಾಗಬೇಕು.

7. ಬೆಲ್ಟು

ಈ ಬೆಲೆಯಲ್ಲಿ ಬರುವುದು ಎರಡು ಥರ. ಒಂದು, ಶಾಲೆ ಬ್ಯಾಗಿನ ಹಾಗೆ ಒಳಗೆ ತೂರಿಸಿ ಟಕ್ ಅನಿಸುವ ಕ್ಲಿಪ್ಪು. ಇನ್ನೊಂದು, ಹಲ್ಲು ಹಲ್ಲಿರುವ ಪಟ್ಟಿ ತೂರಿಸಿ ಬೇಕಾದಷ್ಟು ಬಿಗಿ ಮಾಡುವ ಲಾಕು, ಮೈಕ್ರೋಮೆಟ್ರಿಕ್ ಅನ್ನುತ್ತಾರೆ. ಎರಡನೆಯದೇ ತಗೊಳ್ಳಿ. ಚಳಿಗಾಲದಲ್ಲಿ ಮಫ್ಲರ್ ಇದ್ದಾಗ, ಇಲ್ಲದಿದ್ದಾಗ ಬಿಗಿ ಬದಲಿಸಲು ಬರುತ್ತದೆ. ಗದ್ದದ ಕೆಳಗೆ ಎರಡು ಬೆರಳು ಹೋಗುವಷ್ಟು ಬಿಗಿ ಸಾಕು. ಮೋಟಾರು ವಾಹನ ಕಾಯ್ದೆಯ 129ನೇ ಸೆಕ್ಷನ್ ಪ್ರಕಾರವೂ ಹೆಲ್ಮೆಟ್ ತಲೆ ಮೇಲಿದ್ದರಷ್ಟೇ ಸಾಲದು, ಬೆಲ್ಟ್ ಕಟ್ಟಿರಬೇಕು.

8. ಯಾವ ಕಂಪನಿ, ಎಷ್ಟು ಬೆಲೆ, ಎಲ್ಲಿ?

ವೇಗಾ ಹೆಲ್ಮೆಟ್ ನಮ್ಮ ಬೆಳಗಾವಿಯದ್ದೇ, ಉದ್ಯಮಬಾಗದ ಕಂಪನಿ. ದುಬಾರಿ ಸಾಲಿನ ಆಕ್ಸರ್ ಕೂಡ ಅವರದ್ದೇ. ಇದು ಎಷ್ಟೋ ಜನ ಊರಿನವರಿಗೇ ಗೊತ್ತಿಲ್ಲ. ಅವರ ಕ್ರಕ್ಸ್, ಸ್ಟಡ್ಸ್ ಕಂಪನಿಯ ನಿಂಜಾ ಸಾಲು, ಸ್ಟೀಲ್‌ಬರ್ಡ್ ಕಂಪನಿಯ ಫ್ಲಿಪ್ ಅಪ್‌ಗಳು, ಇವು ಹೆಚ್ಚುಕಡಿಮೆ ಒಂದೂವರೆಯಿಂದ ಮೂರು ಸಾವಿರದ ಒಳಗೆ ಓಡಾಡುತ್ತವೆ. ಬಣ್ಣ, ಡಬಲ್ ವೈಸರ್ ಸೇರಿದ ಹಾಗೆ ಬೆಲೆ ಏರುತ್ತದೆ. ಚಿತ್ರ ಬಿಡಿಸಿದ ಮಾಡೆಲ್‌ಗೆ ಕೊಡುವ ಹೆಚ್ಚಿನ ದುಡ್ಡು ಬರೀ ಬಣ್ಣಕ್ಕೆ. ಅದರ ಬದಲು ಡಬಲ್ ವೈಸರ್‌ಗೆ ಕೊಡಿ. ಇದಕ್ಕೂ ಮೇಲೆ ಹೋಗುವ ಶಕ್ತಿ ಇದ್ದರೆ ಎಸ್‌ಎಂಕೆ ಗಲ್‌ವಿಂಗ್, ಎಲ್‌ಎಸ್2 ಸ್ಟ್ರೋಬ್ ಇವೆ, ಬೆಲೆ ಹೆಚ್ಚುಕಡಿಮೆ ದುಪ್ಪಟ್ಟು ಅಥವಾ ಇನ್ನೂ ಜಾಸ್ತಿ.

ಊರಿನ ಕಂಪನಿ ಅನ್ನುವ ಅಭಿಮಾನ ಇರಲಿ, ಲಾಕ್ ಪರೀಕ್ಷೆ ಮಾತ್ರ ಎಲ್ಲರಿಗೂ ಒಂದೇ. ಒಂದೇ ಮಾಡೆಲ್‌ನ ಎರಡು ತುಂಡುಗಳಲ್ಲೇ ವ್ಯತ್ಯಾಸ ಇರುತ್ತದೆ. ಅದಕ್ಕೇ ಫ್ಲಿಪ್ ಅಪ್ ಆದರೆ ಅಂಗಡಿಯಲ್ಲಿ ಕೈಗೆ ತಗೊಂಡು ಕೊಳ್ಳುವುದೇ ಮೇಲು. ಆನ್‌ಲೈನ್‌ನಲ್ಲಿ ಇನ್ನೂರು ಮುನ್ನೂರು ಕಡಿಮೆ ಇರಬಹುದು. ತಗೊಳ್ಳುವುದೇ ಆದರೆ ವಾಪಸಾತಿ ಇರುವ ಕಡೆ ತಗೊಂಡು, ಪೆಟ್ಟಿಗೆ ಬಿಚ್ಚಿದ ದಿನವೇ ಮೇಲಿನ ಪರೀಕ್ಷೆಗಳನ್ನೆಲ್ಲ ಮಾಡಿ. ಪ್ಲಾಸ್ಟಿಕ್ ಹಾಳೆ, ಸ್ಟಿಕ್ಕರ್ ಕಿತ್ತರೆ ವಾಪಸ್ ತಗೊಳ್ಳಲ್ಲ ಅನ್ನುತ್ತಾರೆ, ಹುಷಾರು.

ಸೆಕೆಂಡ್ ಹ್ಯಾಂಡ್ ಮಾತ್ರ ಬೇಡವೇ ಬೇಡ. ಒಂದು ಸಲ ನುಗ್ಗಾದ ಥರ್ಮಾಕೋಲ್ ಮತ್ತೆ ಉಬ್ಬುವುದಿಲ್ಲ, ಹೊರಗಿನ ಬಣ್ಣ ನೋಡಿದರೆ ಅದು ತಿಳಿಯುವುದೂ ಇಲ್ಲ.

9. ಮನೆಗೆ ತಂದ ಮೇಲೆ

ಗಾಡಿ ಓಡುವಾಗ ಮುಂಭಾಗ ಮುಚ್ಚಿರಲಿ. ಎತ್ತಿಕೊಂಡು ಓಡಿಸಿದರೆ ಗಾಳಿ ಅದನ್ನು ಹಿಡಿದು ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ. ಕೊಲ್ಹಾರ ಸೇತುವೆ ಮೇಲೆ ಅಡ್ಡಗಾಳಿ ಬೀಸುವಾಗ ಒಮ್ಮೆ ಹೀಗಾದರೆ ಸಾಕು, ತಿಳಿಯುತ್ತದೆ. ಬಿದ್ದರೆ ಮುಖಕ್ಕೆ ರಕ್ಷಣೆಯೇ ಇಲ್ಲ. ಎತ್ತಿಯೂ ಓಡಿಸಲು ಪರೀಕ್ಷೆಯಾದ ಹೆಲ್ಮೆಟ್‌ಗಳು ಬೇರೆ. ಇಸಿಇ ಗುರುತಿನಲ್ಲಿ ಪಿ ಮತ್ತು ಜೆ ಎರಡೂ ಅಕ್ಷರ ಇರುತ್ತವೆ. ಪಿ ಅಂದರೆ ಮುಚ್ಚಿದಾಗ ಗದ್ದಕ್ಕೆ ರಕ್ಷಣೆ, ಜೆ ಅಂದರೆ ತೆರೆದ ಹೆಲ್ಮೆಟ್ ಆಗಿಯೂ ಪಾಸು. ಆ ಗುರುತಿಲ್ಲದಿದ್ದರೆ ಮುಚ್ಚಿಯೇ ಓಡಿಸಿ, ಗಲ್ಲಿಯೊಳಗೂ.

ನಮ್ಮ ರಸ್ತೆಯ ಧೂಳು ಲಾಕಿಗೆ ಶತ್ರು. ಹದಿನೈದು ದಿನಕ್ಕೊಮ್ಮೆ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಕೊಂಡಿ, ಗೂಟ, ಕೀಲಿನ ಸಂದಿ ಕೆರೆದು ಸ್ವಚ್ಛ ಮಾಡಿ. ಎಂಜಿನ್ ಆಯಿಲ್, ಗ್ರೀಸು ಹಚ್ಚಬೇಡಿ, ಧೂಳು ಇನ್ನೂ ಜಾಸ್ತಿ ಅಂಟುತ್ತದೆ. ಬೇಕೆಂದರೆ ಒಂದು ಹನಿ ಸಿಲಿಕಾನ್ ಎಣ್ಣೆ ಸಾಕು.

ತೊಳೆಯಲು ನೀರು, ಸೌಮ್ಯ ಸೋಪು ಅಷ್ಟೇ. ಪೆಟ್ರೋಲ್, ಥಿನ್ನರ್ ತಾಗಿಸಬೇಡಿ, ಚಿಪ್ಪಿನ ಪ್ಲಾಸ್ಟಿಕ್ಕೂ ಥರ್ಮಾಕೋಲೂ ಕರಗುತ್ತವೆ. ಗ್ಲಾಸನ್ನು ಒಣಬಟ್ಟೆಯಲ್ಲಿ ಉಜ್ಜಿದರೆ ಧೂಳಿನ ಕಣವೇ ಗೀರು ಹಾಕುತ್ತದೆ. ಮೊದಲು ನೀರು ಹಾಕಿ. ಗಾಡಿಯ ಕನ್ನಡಿಗೆ ಸಿಕ್ಕಿಸಿ ನಿಲ್ಲಿಸುವ ಅಭ್ಯಾಸವನ್ನೂ ಬಿಡಿ. ಕನ್ನಡಿಯ ಚೂಪು ಒಳಗಿನ ಥರ್ಮಾಕೋಲನ್ನು ಒಂದೇ ಜಾಗದಲ್ಲಿ ಕುಕ್ಕಿ ಹಳ್ಳ ಮಾಡುತ್ತದೆ.

ಜೋರಾಗಿ ಬಿದ್ದ ಮೇಲೆ, ಹೊರಗೆ ಏನೂ ಆಗದಂತೆ ಕಂಡರೂ, ಹೆಲ್ಮೆಟ್ ಬದಲಿಸಿ. ಲಾಕು ಸಡಿಲವಾದರೆ ಅಂಗಡಿಯವರಿಂದ ಫೆವಿಕ್ವಿಕ್ ಹಾಕಿಸಿಕೊಂಡು ಬರಬೇಡಿ, ಕಂಪನಿಯ ಬಿಡಿಭಾಗ ಸಿಗುತ್ತದಾ ಕೇಳಿ. ಸಿಗದಿದ್ದರೆ ಅದರ ಆಯುಷ್ಯ ಮುಗಿಯಿತು. ಗ್ಲಾಸು ಮಾತ್ರ ಗೀರಾದಾಗೆಲ್ಲ ಬದಲಿಸಬಹುದು, ಸಾಮಾನ್ಯವಾಗಿ ಕೆಲವು ನೂರು ರೂಪಾಯಿ. ಹೆಲ್ಮೆಟ್ ಕೊಳ್ಳುವ ದಿನವೇ ಅದೇ ಮಾಡೆಲ್‌ನ ಗ್ಲಾಸು ಬಿಡಿಯಾಗಿ ಸಿಗುತ್ತದೆಯಾ ಅಂತ ಕೇಳಿಕೊಳ್ಳಿ, ಮಾಡೆಲ್ ಹೆಸರನ್ನು ಬಿಲ್ಲಿನಲ್ಲಿ ಬರೆಸಿಕೊಳ್ಳಿ.